ಗಣಕಗಳಿಗೆ ನಾಮಕರಣ

ರೇಡಿಯೋ ಕೇಳುವ ಮನೆಯವರಿಗೆ ಹೆಸರಿನ ಮಹತ್ತ್ವವನ್ನು ವಿವರಿಸಿ ಹೇಳಬೇಕಾದುದಿಲ್ಲ. ಪ್ರತಿಯೊಂದು ನಿಲಯಕ್ಕೂ ಒಂದು ಅಂಕೆಯುಂಟು, ಒಂದು ಹೆಸರುಂಟು. ಅಂಕೆ ಯಂತ್ರಕ್ಕೆ ಬೇಕಾದುದು. ಹೆಸರು ಮನುಷ್ಯನಿಗೆ ಬೇಕಾದುದು. ೧೯೩೫ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ತೆರೆದಾಗ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಅಂದಿನ ಆ ಯಂತ್ರ ಎಂದೋ ಕಣ್ಮರೆಯಾಯಿತು. ಹೆಸರು ಮಾತ್ರ ದೇಶಕ್ಕೆಲ್ಲ ಹಬ್ಬಿ ನಿಂತಿತು. ಯಂತ್ರಕ್ಕಿಂತ ಅದರ ಹೆಸರಿಗೆ ಆಯುಸ್ಸು ಹೆಚ್ಚು. ಆದುದರಿಂದ ಹೆಸರಿಡುವವನು ಸ್ವಲ್ಪ ಯೋಚಿಸಿ ಇಡಬೇಕು.

ಈ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಇಂದು ನಿಮ್ಮ ಮನೆಯ ಮಗನೋ ಮಗಳೋ ಕೆಲಸ ಮಾಡುವ ಕಚೇರಿಯಲ್ಲಿ ಹತ್ತಾರು, ನೂರಾರು, ಕೆಲವೆಡೆ ಸಾವಿರಾರು ಕಂಪ್ಯೂಟರುಗಳು, ಎಂದರೆ ಗಣಕಗಳು, ಒಂದೇ ಜಾಲದಲ್ಲಿ ಹೆಣೆದುಕೊಂಡಿರುತ್ತವೆ. ಒಂದೊಂದಕ್ಕೂ ಒಂದೊಂದು ಹೆಸರು ಬೇಕು. ಇದನ್ನು ಮಕ್ಕಳಾಟವೆಂದು ಭಾವಿಸುವವರು ಹಲವರು. ಆದರೆ ಹೆಸರು ಕೆಟ್ಟರೆ ಕಾಗದ ತಪ್ಪಿದ ವಿಳಾಸಕ್ಕೆ ಹೋಗುತ್ತದೆ. ನಡುರಾತ್ರಿಯಲ್ಲಿ ದುರಸ್ತಿಗೆ ಬಂದವನು ನಿಲ್ಲಿಸಬೇಕಾದ ಯಂತ್ರವನ್ನು ಬಿಟ್ಟು ನಡೆಯುತ್ತಿರುವ ಯಂತ್ರವನ್ನು ನಿಲ್ಲಿಸುತ್ತಾನೆ. ಹೀಗಾಗಿ ಈ ನಾಮಕರಣಕ್ಕೂ ಒಂದು ಚರಿತ್ರೆ ಬೆಳೆದಿದೆ. ಅದನ್ನು ಮೊದಲಿನಿಂದ ನೋಡೋಣ.

೧೯೬೯ರ ಅಕ್ಟೋಬರ್ ೨೯ರಂದು ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ಒಂದು ಗಣಕದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಇನ್ನೊಂದು ಗಣಕಕ್ಕೆ ಮೊದಲ ಸಂದೇಶ ಹೋಯಿತು. ‘ಲಾಗಿನ್’ ಎಂಬ ಪದವನ್ನು ಕಳುಹಿಸಹೊರಟವರಿಗೆ ಮೊದಲ ಎರಡು ಅಕ್ಷರ ಮುಟ್ಟುವಷ್ಟರಲ್ಲಿಯೇ ಯಂತ್ರ ಕೈಕೊಟ್ಟಿತು. ಆ ವರ್ಷದ ಕೊನೆಗೆ ಸಾಂಟಾ ಬಾರ್ಬರಾ, ಯೂಟಾ ಎಂಬ ಎರಡು ವಿಶ್ವವಿದ್ಯಾನಿಲಯಗಳೂ ಸೇರಿ ನಾಲ್ಕು ನೆಲೆಗಳಾದವು. ಇದೇ ಅರ್ಪಾನೆಟ್ ಎಂಬ ಜಾಲ. ಇಂದಿನ ಅಂತರಜಾಲದ ಮೂಲಪುರುಷ. ನಾಲ್ಕೇ ಮಂದಿ ಇರುವ ಮನೆಯಲ್ಲಿ ಹೆಸರು ಹಿಡಿದು ಕೂಗುವ ಅವಶ್ಯಕತೆಯೇ ಬೀಳುವುದಿಲ್ಲ. ಅಲ್ಲಿಯೂ ಅಂಕೆಯೇ ಸಾಕಾಗಿತ್ತು.

ನೆಲೆಗಳು ಹೆಚ್ಚಿದಂತೆ ಅಂಕೆ ನೆನಪಿಗೆ ನಿಲ್ಲದಾಯಿತು. ಪ್ರತಿಯೊಂದು ನೆಲೆಯವರೂ ತಮಗೆ ತೋಚಿದಂತೆ ಇತರ ಗಣಕಗಳಿಗೆ ಅಡ್ಡಹೆಸರಿಟ್ಟುಕೊಂಡು ಪಟ್ಟಿ ಬರೆದುಕೊಂಡರು. ಒಂದೇ ಯಂತ್ರಕ್ಕೆ ಒಂದೂರಿನಲ್ಲಿ ಒಂದು ಹೆಸರು, ಇನ್ನೊಂದೂರಿನಲ್ಲಿ ಇನ್ನೊಂದು. ೧೯೭೧ರ ಸೆಪ್ಟೆಂಬರಿನಲ್ಲಿ ಮೈಟರ್ ಎಂಬ ಸಂಸ್ಥೆಯ ಪೆಗ್ಗಿ ಕಾರ್ಪ್ ಎಂಬ ಮಹಿಳೆ, ಇದು ಹೀಗೆಯೇ ನಡೆಯಲಾಗದು, ಎಲ್ಲರೂ ಒಪ್ಪುವ ಒಂದೇ ನಾಮಾವಳಿ ಬೇಕು ಎಂದು ಒಂದು ಪತ್ರವನ್ನು ಹೊರಡಿಸಿದರು. ಜಾಲವನ್ನು ಕಟ್ಟಿದವರು ೧೯೬೯ರಿಂದಲೂ ತಮ್ಮ ವಿಚಾರಗಳನ್ನು ‘ಅಭಿಪ್ರಾಯ ತಿಳಿಸಿರಿ’ ಎಂಬರ್ಥದ ಒಂದು ಪತ್ರಮಾಲೆಯಲ್ಲಿ ಸಂಖ್ಯೆ ಹಾಕಿ ಪ್ರಕಟಿಸುತ್ತ ಬಂದಿದ್ದರು. ಕಾರ್ಪ್ ಅವರ ಪತ್ರ ಅದರಲ್ಲಿ ೨೨೬ನೆಯದು. ಕೂಡಲೇ ಚರ್ಚೆ ಹೊತ್ತಿತು. ಜಾನ್ ಪೋಸ್ಟೆಲ್ ಒಂದು ಪಟ್ಟಿಯನ್ನು ಮುಂದಿಟ್ಟರು, ಮತ್ತೊಬ್ಬರು ತಿದ್ದಿದರು. ಡಿಸೆಂಬರಿನಲ್ಲಿ ಬಂದ ೨೮೯ನೆಯ ಪತ್ರದ ತಲೆಬರಹವೇ ‘ಇದು ಅಧಿಕೃತ ಪಟ್ಟಿಯೆಂದು ನಾವು ಆಶಿಸುತ್ತೇವೆ’ ಎಂಬರ್ಥದ್ದಾಗಿತ್ತು. ಮಗುವಿಗೆ ಹೆಸರಿಡುವ ದಿನ ಅಜ್ಜಿ, ಸೋದರತ್ತೆ, ಮಾವ ಎಲ್ಲರೂ ಒಂದೊಂದು ಹೆಸರು ಹೇಳಿ, ಕಡೆಗೆ ತಂದೆ ಬೇಸತ್ತು ಒಂದನ್ನು ಬರೆಯುವಂತೆ ಇದೂ ನಡೆಯಿತು.

ಆಮೇಲೆ ಆ ಪಟ್ಟಿಯನ್ನು ಕಾಯುವ ಹೊಣೆ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿದ್ದ ಜಾಲ ಮಾಹಿತಿ ಕೇಂದ್ರಕ್ಕೆ ಬಿತ್ತು. ಅದನ್ನು ಬಹುಕಾಲ ನಡೆಸಿದವರು ಎಲಿಜಬೆತ್ ಫೈನ್ಲರ್. ಹೊಸ ಗಣಕವನ್ನು ಜಾಲಕ್ಕೆ ಸೇರಿಸಬೇಕಾದವರು ಈ ಕೇಂದ್ರಕ್ಕೆ ತಿಳಿಸಬೇಕು. ಕೇಂದ್ರದವರು ಪಟ್ಟಿಗೆ ಬರೆದುಕೊಳ್ಳಬೇಕು. ವಾರಕ್ಕೆ ಒಂದೆರಡು ಬಾರಿ ಸಿದ್ಧವಾಗುವ ಆ ಹೊಸ ಪಟ್ಟಿಯನ್ನು ಎಲ್ಲ ನೆಲೆಯವರೂ ನಕಲು ಮಾಡಿಕೊಳ್ಳಬೇಕು. ‘ಹೋಸ್ಟ್ಸ್’ ಎಂಬ ಈ ಕಡತವೇ ಸಮಸ್ತ ಜಾಲದ ಜನನ ಮರಣ ದಾಖಲೆಯಾಗಿತ್ತು. ನಮ್ಮ ಊರ ಶಾನುಭೋಗರ ಖಾತೆಪುಸ್ತಕವನ್ನು ಬಲ್ಲವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾದೀತು.

ಊರು ಚಿಕ್ಕದಾಗಿರುವ ತನಕ ಶಾನುಭೋಗರೊಬ್ಬರೇ ಸಾಕು. ಆದರೆ ೧೯೮೧ರ ಆಗಸ್ಟಿನಲ್ಲಿ ೨೧೩ ಇದ್ದ ಗಣಕಗಳು ೧೯೮೪ರ ಅಕ್ಟೋಬರಿಗೆ ೧,೦೨೪ ಆದವು. ೧೯೮೭ರ ಡಿಸೆಂಬರಿಗೆ ೨೮,೧೭೪ಕ್ಕೆ ಏರಿದವು. ಒಂದೇ ಪಟ್ಟಿಯನ್ನು ಎಲ್ಲರೂ ಬಂದು ನಕಲು ಮಾಡಿಕೊಳ್ಳಹೋದರೆ ದಾರಿಯೇ ಇಕ್ಕಟ್ಟಾಗುತ್ತದೆ. ನಕಲು ಎಲ್ಲರಿಗೂ ಮುಟ್ಟುವ ಹೊತ್ತಿಗೆ ಮೂಲ ಬದಲಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು, ಸೊಗಸಾದ ಹೆಸರುಗಳನ್ನು ಮೊದಲು ಬಂದವರು ಎತ್ತಿಕೊಂಡುಬಿಡುತ್ತಾರೆ. ಯಾರಾದರೂ ಅರಿಯದೆ ಅದೇ ಹೆಸರನ್ನು ತಮ್ಮ ಯಂತ್ರಕ್ಕೂ ಇಟ್ಟರೆ ಮೊದಲಿನವರಿಗೆ ಬರಬೇಕಾದ ಕಾಗದ ದಾರಿ ತಪ್ಪುತ್ತದೆ.

ಇದಕ್ಕೆ ಪರಿಹಾರ ನಮ್ಮ ಹಳ್ಳಿಯ ಅಂಚೆಯವನಿಗೂ ತಿಳಿದಿರುವುದೇ. ನಮ್ಮ ನಾಡಿನಲ್ಲಿ ಹೊಸಹಳ್ಳಿಗಳೆಷ್ಟು! ಒಂದು ಹೊಸಹಳ್ಳಿಯವರು ಇನ್ನೊಂದು ಹೊಸಹಳ್ಳಿಯವರ ಮೇಲೆ ವ್ಯಾಜ್ಯ ಹೂಡುವುದಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮುಂದೆ ಬರೆದರಾಯಿತು, ಕಾಗದ ತಾನಾಗಿ ಮುಟ್ಟುತ್ತದೆ. ೧೯೮೩ರ ನವೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪಾಲ್ ಮೊಕಪೆಟ್ರಿಸ್ ಎಂಬವರು ಪ್ರಕಟಿಸಿದ ಎರಡು ಪತ್ರಗಳಲ್ಲಿ ಇದೇ ತತ್ತ್ವ ಅಡಗಿದೆ. ಗಣಕದ ಹೆಸರು, ಚುಕ್ಕೆ, ಸಂಸ್ಥೆಯ ಹೆಸರು, ಚುಕ್ಕೆ, ಅದರ ವರ್ಗ, ಹೀಗೆ ಸಣ್ಣದರಿಂದ ದೊಡ್ಡದಕ್ಕೆ ಏರುವ ಹೆಸರು. ದೊಡ್ಡ ಪಟ್ಟಿಯನ್ನು ಒಬ್ಬರೇ ಇಟ್ಟುಕೊಳ್ಳುವ ಬದಲು ಪ್ರತಿಯೊಂದು ಸಂಸ್ಥೆಯೂ ತನ್ನ ಅಂಗಳದ ಪಟ್ಟಿಯನ್ನು ತಾನೇ ನೋಡಿಕೊಳ್ಳುವುದು. ಕೇಳಿದವರಿಗೆ ಮೇಲಿನವರು ‘ಅವರನ್ನು ಕೇಳಿರಿ’ ಎಂದು ಕೈತೋರಿಸುವುದು. ೧೯೮೪ರಲ್ಲಿ ವಾಣಿಜ್ಯಕ್ಕೆ ‘ಕಾಮ್’, ವಿದ್ಯೆಗೆ ‘ಎಜು’, ಸರ್ಕಾರಕ್ಕೆ ‘ಗವ್’ ಮುಂತಾದ ವರ್ಗಗಳು ನಿರ್ಣಯವಾದವು. ದೇಶಗಳಿಗೆ ಎರಡೆರಡು ಅಕ್ಷರದ ಸಂಕೇತಗಳು ದೊರೆತವು, ನಮ್ಮದು ‘ಇನ್’. ೧೯೮೫ರ ಮಾರ್ಚ್ ೧೫ರಂದು ಸಿಂಬಾಲಿಕ್ಸ್ ಎಂಬ ಕಂಪನಿ ‘ಕಾಮ್’ ವರ್ಗದ ಮೊದಲ ಹೆಸರನ್ನು ನೋಂದಾಯಿಸಿತು.

ಇದರಿಂದ ಒಂದು ದೊಡ್ಡ ಸ್ವಾತಂತ್ರ್ಯ ದೊರೆಯಿತು. ಅದನ್ನು ವಾಚಕರು ಗಮನಿಸಬೇಕು. ತನ್ನ ಅಂಗಳದಲ್ಲಿ ಯಾವ ಗಣಕಕ್ಕೆ ಯಾವ ಹೆಸರಿಡಬೇಕೆಂಬುದು ಆಯಾ ಕಂಪನಿಯ ಅಧಿಕಾರವಾಯಿತು. ಅಧಿಕಾರ ಬಂದೊಡನೆ ಜವಾಬ್ದಾರಿಯೂ ಬಂದಿತು. ಹೇಗೆ ಹೆಸರಿಡುವುದು ಎಂಬ ಪ್ರಶ್ನೆ ಈಗ ಪ್ರತಿ ಕಚೇರಿಯದೂ ಆಯಿತು.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮ್ಮ ವ್ಯಾಕರಣ ಚೆನ್ನಾಗಿ ನೆರವಿಗೆ ಬರುತ್ತದೆ. ಶಾಲೆಯ ಹುಡುಗರೆಲ್ಲ ಕಲಿತಿರುವಂತೆ ನಾಮಪದಗಳು ಮೂರು ಬಗೆ: ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ನದಿ, ಬೆಟ್ಟ, ಹುಡುಗ ಎಂಬವು ರೂಢನಾಮ. ಆ ಜಾತಿಗೆಲ್ಲ ಸಲ್ಲುತ್ತವೆ. ಕಾವೇರಿ, ಬಸವ ಎಂಬವು ಅಂಕಿತನಾಮ; ವ್ಯವಹಾರಕ್ಕಾಗಿ ಒಂದಕ್ಕೇ ಇಟ್ಟುಕೊಂಡವು. ವ್ಯಾಪಾರಿ, ಶಿಕ್ಷಕ, ಕುಂಟ ಎಂಬವು ಅನ್ವರ್ಥನಾಮ. ವೃತ್ತಿಯನ್ನೋ ಗುಣವನ್ನೋ ನೋಡಿ ಬಂದವು. ಗಣಕಗಳಿಗೆ ಹೆಸರಿಟ್ಟವರು ಈ ವ್ಯಾಕರಣವನ್ನು ಓದಿದವರಲ್ಲ. ಆದರೂ ಅವರ ಕಷ್ಟಸುಖಗಳೆಲ್ಲ ಈ ಮೂರು ಮನೆಗಳಲ್ಲಿಯೇ ಸುತ್ತಾಡುತ್ತವೆ.

ಮೊದಲು ಎಲ್ಲರಿಗೂ ತೋಚುವುದು ಅನ್ವರ್ಥನಾಮ. ಲೆಕ್ಕಪತ್ರದ ಯಂತ್ರಕ್ಕೆ ‘ಲೆಕ್ಕ’, ಅಂಚೆಯ ಯಂತ್ರಕ್ಕೆ ‘ಅಂಚೆ’. ನೋಡಿದರೆ ನ್ಯಾಯವಾಗಿಯೇ ಇದೆ. ಆದರೆ ಅನುಭವ ಬೇರೆ ಪಾಠವನ್ನು ಕಲಿಸಿತು. ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿದ್ದು ಯೂರೋಪಿಗೆಲ್ಲ ಅಂಚೆಯ ಹೆಬ್ಬಾಗಿಲಾಗಿದ್ದ ಗಣಕಕ್ಕೆ ‘ಎಂಸಿವ್ಯಾಕ್ಸ್’ ಎಂದು ಹೆಸರಿತ್ತು. ಮೊದಲೆರಡಕ್ಷರ ಸಂಸ್ಥೆಯವು, ಉಳಿದುದು ವ್ಯಾಕ್ಸ್ ಎಂಬ ಯಂತ್ರಜಾತಿಯದು. ಕಾಲಾನಂತರ ಆ ಸ್ಥಾನಕ್ಕೆ ಸನ್ ಕಂಪನಿಯ ಯಂತ್ರ ಬಂದಿತು. ಹೆಸರಿನಲ್ಲಿಯೇ ಜಾತಿಯನ್ನು ಬೆಸೆದಿದ್ದುದರಿಂದ ಹೆಸರನ್ನೂ ‘ಎಂಸಿಸನ್’ ಎಂದು ತಿದ್ದಬೇಕಾಯಿತು. ಅಂದಿನ ಯೂಯೂಸಿಪಿ ಎಂಬ ಜಾಲದಲ್ಲಿ ಕಾಗದ ಕಳುಹಿಸುವವನು ನಡುವಿನ ಪ್ರತಿಯೊಂದು ಗಣಕದ ಹೆಸರನ್ನೂ ಆಶ್ಚರ್ಯಚಿಹ್ನೆಯಿಂದ ಜೋಡಿಸಿ ದಾರಿಯನ್ನೇ ಬರೆಯಬೇಕಿತ್ತು. ಒಂದು ಹೆಬ್ಬಾಗಿಲಿನ ಹೆಸರು ಬದಲಾದರೆ ಎಷ್ಟು ವಿಳಾಸಗಳು ಹಳಸಿದುವೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಅಮೆರಿಕದ ಡಾನ್ ಲೈಬ್ಸ್ ಎಂಬವರು ೧೯೮೯ರಲ್ಲಿ ಈ ವಿಷಯವಾಗಿ ಒಂದು ಲೇಖನ ಬರೆದರು. ೧೯೯೦ರ ಆಗಸ್ಟಿನಲ್ಲಿ ಅದು ಮೇಲೆ ಹೇಳಿದ ಪತ್ರಮಾಲೆಯಲ್ಲಿ ೧೧೭೮ನೆಯದಾಗಿ ಬಂದಿತು. ನಗೆಯೂ ವಿವೇಕವೂ ಬೆರೆತ ಬರಹ. ಅದರಲ್ಲಿ ಅವರು ಒಂದು ಕಾರ್ಖಾನೆಯ ಯೋಜನೆಯ ಕಥೆ ಹೇಳುತ್ತಾರೆ. ಅಲ್ಲಿ ಯಂತ್ರಾಗಾರವನ್ನು ನಡೆಸಬೇಕಾದ ಗಣಕಕ್ಕೆ ‘ಶಾಪ್’ ಎಂದು ಹೆಸರಿಟ್ಟರು. ಸ್ವಲ್ಪ ದಿನದಲ್ಲಿ ಅದೇ ಕೆಲಸಕ್ಕೆ ಇನ್ನೊಂದು ಗಣಕ ಬಂದಿತು. ಅದನ್ನೂ ಅದೇ ಹೆಸರಿನಿಂದ ಕರೆಯಲಾಗದು. ಒಂದು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಐದು ಬಂದುವು. ಮೊದಲಿನದು ಸಂಬಂಧವೇ ಇಲ್ಲದ ಬೇರೊಂದು ಕೆಲಸಕ್ಕೆ ಹೋಯಿತು. ಕೆಲಸ ಹೋಯಿತು, ಹೆಸರು ಉಳಿಯಿತು. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ನಮ್ಮ ಗಾದೆ ಗಣಕಕ್ಕೂ ಸಂದಿತು.

ಅದೇ ಲೇಖನದಲ್ಲಿ ಇನ್ನೊಂದು ಪ್ರಸಂಗವಿದೆ. ಒಂದು ಗಣಕಕ್ಕೆ ‘ಅಪ್’ ಎಂದು ಹೆಸರು. ಗಣಕದ ಪರಿಭಾಷೆಯಲ್ಲಿ ನಡೆಯುತ್ತಿರುವ ಯಂತ್ರ ‘ಅಪ್’, ನಿಂತ ಯಂತ್ರ ‘ಡೌನ್’. ಹೀಗಿರಲು ‘ಅಪ್ ಡೌನ್ ಆಗಿದೆಯೆ?’ ಎಂದು ಒಬ್ಬರು ಕೇಳಿದರೆ ಎದುರಿನವರು ಏನೆಂದು ಉತ್ತರ ಹೇಳಿಯಾರು? ರೂಢನಾಮವನ್ನು ಅಂಕಿತನಾಮವಾಗಿ ಮಾಡಿದರೆ ಬರುವ ವಿಪತ್ತಿದು. ಮಗನಿಗೆ ‘ಮಗ’ ಎಂದೇ ನಾಮಕರಣ ಮಾಡಿದ ಮನೆಯ ಪಾಡು.

ಯಜಮಾನನ ಹೆಸರನ್ನೇ ಗಣಕಕ್ಕೆ ಇಡುವುದೂ ಸಲ್ಲದೆಂದು ಲೈಬ್ಸರ ಮತ. ಮನುಷ್ಯನನ್ನು ಕುರಿತು ಆಡಿದ ಮಾತೋ ಯಂತ್ರವನ್ನು ಕುರಿತುದೋ ಎಂಬ ಸಂದೇಹ ಹುಟ್ಟುತ್ತದೆ. ಇದಕ್ಕಿಂತ ಗಂಭೀರವಾದ ಕಾರಣವೊಂದು ಆಮೇಲೆ ಹೊಳೆಯಿತು. ೧೯೯೦ರಲ್ಲಿ ಗಣಕ ಮೇಜಿನ ಮೇಲೆ ಕುಳಿತಿರುತ್ತಿತ್ತು. ಈಗ ಕೈಚೀಲದಲ್ಲಿ ಊರೂರು ತಿರುಗುತ್ತದೆ. ಹೋಟೆಲಿನಲ್ಲಿಯೋ ವಿಮಾನ ನಿಲ್ದಾಣದಲ್ಲಿಯೋ ಅಲ್ಲಿಯ ಜಾಲಕ್ಕೆ ಸೇರಿಕೊಂಡಾಗ ಅದು ತನ್ನ ಹೆಸರನ್ನು ಸುತ್ತಲಿನ ಯಂತ್ರಗಳಿಗೆ ಸಾರಿಬಿಡಬಹುದು. ಆ ಹೆಸರಿನಲ್ಲಿ ಒಡೆಯನ ಹೆಸರೂ ಕಂಪನಿಯ ಹೆಸರೂ ಇದ್ದರೆ ಅಪರಿಚಿತರಿಗೆ ಅವನ ಸುಳಿವು ಸಿಕ್ಕಿದಂತೆಯೇ. ೨೦೧೭ರ ಮಾರ್ಚಿಯಲ್ಲಿ ಹೊರಟ ೮೧೧೭ನೆಯ ಪತ್ರ ಈ ಅಪಾಯವನ್ನೇ ಎತ್ತಿ ಹೇಳಿ, ಆಗ ಬಳಕೆಯಲ್ಲಿದ್ದ ಪದ್ಧತಿ ಹಾನಿಕರವೆಂದಿತು. ಒಂಟಿಯಾಗಿ ಪ್ರಯಾಣ ಮಾಡುವ ನಿಮ್ಮ ಮಗಳ ಹೆಸರನ್ನು ಅವಳ ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆದು ಕಳುಹಿಸುತ್ತೀರಾ? ಇದೂ ಹಾಗೆಯೇ.

ಹಾಗಾದರೆ ಉಳಿದುದು ಶುದ್ಧ ಅಂಕಿತನಾಮ. ಕೆಲಸಕ್ಕೂ ಜಾತಿಗೂ ಯಜಮಾನನಿಗೂ ಕಟ್ಟುಬೀಳದ ಹೆಸರು. ಒಂದು ವಸ್ತುಸಮೂಹವನ್ನು ಆರಿಸಿಕೊಂಡು ಅದರಿಂದ ಹೆಸರುಗಳನ್ನು ಹೆಕ್ಕಿರಿ ಎಂದು ಲೈಬ್ಸ್ ಸೂಚಿಸುತ್ತಾರೆ: ಬಣ್ಣಗಳು, ಹೂಗಳು, ಮೂಲವಸ್ತುಗಳು, ಪುರಾಣದ ಊರುಗಳು. ಆದರೆ ಏಳು ಕುಳ್ಳರ ಕಥೆಯಿಂದ ಹೆಸರು ತೆಗೆದುಕೊಂಡರೆ ಎಂಟನೆಯ ಗಣಕ ಬಂದಾಗ ಗತಿಯೇನು ಎಂದು ಎಚ್ಚರಿಸುತ್ತಾರೆ. ನಮ್ಮಲ್ಲಿಯೂ ಹಾಗೆಯೇ. ಪಾಂಡವರು ಐವರು, ಸಪ್ತರ್ಷಿಗಳು ಏಳು, ಗ್ರಹಗಳು ಒಂಬತ್ತು, ನಕ್ಷತ್ರಗಳು ಇಪ್ಪತ್ತೇಳು. ಸಂವತ್ಸರಗಳು ಅರವತ್ತಿವೆಯಲ್ಲ ಎಂದು ಯಾರಾದರೂ ಹಿಗ್ಗಬಹುದು. ಆದರೆ ಪ್ರಭವ, ವಿಭವ ಎಂಬೆರಡು ಹೆಸರನ್ನು ಗಲಾಟೆಯ ನಡುವೆ ದೂರವಾಣಿಯಲ್ಲಿ ಹೇಳಿ ನೋಡಿರಿ. ಹೆಸರು ಕಣ್ಣಿಗೆ ಮಾತ್ರವಲ್ಲ, ಕಿವಿಗೂ ಬೇಕು. ಬಾನುಲಿಯ ಶ್ರೋತೃಗಳಿಗೆ ಇದನ್ನು ಹೇಳುವ ಅಗತ್ಯವಿಲ್ಲ.

ನಮ್ಮ ದೇಶದಲ್ಲಿಯೂ ಈ ದಾರಿಯಲ್ಲಿ ನಡೆದವರುಂಟು. ೧೯೮೬ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿದ್ಯಾಸಂಸ್ಥೆಗಳಿಗಾಗಿ ‘ಅರ್ನೆಟ್’ ಎಂಬ ಜಾಲವನ್ನು ಆರಂಭಿಸಿತು. ಅದರಲ್ಲಿ ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ಕೇಂದ್ರದ ಒಂದು ಗಣಕ ‘ಶಕ್ತಿ’ ಎನಿಸಿಕೊಂಡಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಗಣಕವೊಂದರ ಹೆಸರು ‘ವಿಜ್ಞಾನ್’. ಆ ಕಾಲದ ವಿಜ್ಞಾನಿಗಳ ವಿಳಾಸಗಳಲ್ಲಿ ಆ ಹೆಸರು ಲೋಕವನ್ನೆಲ್ಲ ಸುತ್ತಿತು. ಆದರೆ ದೇವರ ಹೆಸರಿಡುವವರು ಸ್ವಲ್ಪ ಹಿಂದುಮುಂದು ನೋಡುವುದು ಲೇಸು. ‘ಹನುಮಂತ ಬೆಳಗಿನಿಂದ ಬಿದ್ದಿದ್ದಾನೆ, ಎಬ್ಬಿಸಿರಿ’ ಎಂಬ ಮಾತು ಭಕ್ತರ ಕಿವಿಗೆ ಇಂಪಾಗದು. ಯಾರನ್ನೂ ನೋಯಿಸುವ, ನಾಚಿಸುವ ಹೆಸರು ಬೇಡವೆಂಬುದು ಲೈಬ್ಸರ ನಿಯಮಗಳಲ್ಲಿಯೂ ಒಂದು.

ಇಷ್ಟಾದರೂ ಅನ್ವರ್ಥನಾಮದ ಉಪಯೋಗ ಇಲ್ಲವೇ ಇಲ್ಲವೆ? ಉಂಟು, ಆದರೆ ಬಿರುದಾಗಿ. ತಹಸೀಲ್ದಾರರೆಂಬುದು ಹುದ್ದೆ, ಆ ಕುರ್ಚಿಯಲ್ಲಿ ಇಂದು ಒಬ್ಬರು, ನಾಳೆ ಇನ್ನೊಬ್ಬರು. ಅರ್ಜಿಯನ್ನು ತಹಸೀಲ್ದಾರರಿಗೆ ಎಂದು ಬರೆದರೆ ಅದು ಯಾರಿದ್ದರೂ ಮುಟ್ಟುತ್ತದೆ. ಗಣಕಜಾಲದಲ್ಲಿಯೂ ಒಂದು ಯಂತ್ರಕ್ಕೆ ನಿಜನಾಮದ ಜೊತೆಗೆ ಉಪನಾಮವನ್ನು ಕೊಡಲು ಮೊಕಪೆಟ್ರಿಸರ ಏರ್ಪಾಡಿನಲ್ಲಿ ಅವಕಾಶವಿದೆ. ೧೯೯೭ರ ಅಕ್ಟೋಬರಿನ ೨೨೧೯ನೆಯ ಪತ್ರ ಇದನ್ನೇ ಶಿಫಾರಸು ಮಾಡಿತು: ಅಂಚೆ, ಕಡತ, ಜಾಲತಾಣ ಮುಂತಾದ ಸೇವೆಗಳಿಗೆ ಹುದ್ದೆಯ ಹೆಸರೇ ಇರಲಿ, ಆದರೆ ಅದು ಉಪನಾಮವಾಗಿರಲಿ. ‘ಕಾವೇರಿ’ ಎಂಬ ಯಂತ್ರ ಇಂದು ‘ಅಂಚೆ’ಯ ಪದವಿಯಲ್ಲಿದ್ದು, ಮುದಿಯಾದಾಗ ಆ ಪದವಿಯನ್ನು ‘ಹೇಮಾವತಿ’ಗೆ ಬಿಟ್ಟುಕೊಡಲಿ. ಕಾಗದ ಬರೆಯುವವರಿಗೆ ಈ ವರ್ಗಾವಣೆ ತಿಳಿಯಲೇಬೇಕಾಗಿಲ್ಲ.

ಇನ್ನು ಸಾವಿರಾರು ಯಂತ್ರಗಳಿರುವ ಕಂಪನಿಯ ಮಾತು. ಅಲ್ಲಿ ಹೂಗಳ ಹೆಸರೂ ನದಿಗಳ ಹೆಸರೂ ಮುಗಿದುಹೋಗುತ್ತವೆ. ಯಂತ್ರಗಳು ಬೆಳಗ್ಗೆ ಹುಟ್ಟಿ ಸಂಜೆಗೆ ಅಳಿಯುವುದೂ ಉಂಟು. ಒಂದೊಂದನ್ನು ಕರೆದು ಮಾತನಾಡಿಸುವವರಿಲ್ಲ. ಅಂತಹ ಕಡೆ ಊರಿನ ಸಂಕೇತ, ಕೆಲಸದ ಸಂಕೇತ, ಕ್ರಮಸಂಖ್ಯೆ ಎಂಬ ಮೂರನ್ನು ಹೊಸೆದು ಹೆಸರು ಕಟ್ಟುತ್ತಾರೆ. ಊರಿಗೆ ವಿಮಾನ ನಿಲ್ದಾಣದ ಮೂರಕ್ಷರವನ್ನು ಬಳಸುವುದು ಒಂದು ರೂಢಿ. ಬೆಂಗಳೂರಿಗೆ ‘ಬಿಎಲ್ಆರ್’. ೨೦೦೮ರಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋದರೂ, ೨೦೧೪ರಲ್ಲಿ ಊರಿನ ಇಂಗ್ಲಿಷ್ ಹೆಸರು ಬದಲಾದರೂ ಆ ಮೂರಕ್ಷರ ಬದಲಾಗಲಿಲ್ಲ. ಒಳ್ಳೆಯ ಸಂಕೇತದ ಲಕ್ಷಣವೇ ಅದು. ಆದರೆ ಈ ಪದ್ಧತಿಯಲ್ಲಿ ಹದಿನೇಳಕ್ಕೂ ಎಪ್ಪತ್ತೊಂದಕ್ಕೂ ಇರುವ ಅಂತರ ಒಂದು ಬೆರಳಿನಷ್ಟು. ಆದುದರಿಂದ ಯಾವ ಸಂಖ್ಯೆ ಯಾವ ಯಂತ್ರವೆಂಬ ಪಟ್ಟಿ ಅಲ್ಲಿ ಎಂದಿಗೂ ಹಳಸಬಾರದು. ಶಾನುಭೋಗರು ಹೋದರೂ ಖಾತೆಪುಸ್ತಕ ಹೋಗಲಿಲ್ಲ!

ಅಕ್ಷರಗಳ ವಿಷಯವಾಗಿಯೂ ಒಂದು ಮಾತು. ೧೯೮೫ರ ನಿಯಮದಂತೆ ಗಣಕದ ಹೆಸರಿನಲ್ಲಿ ರೋಮನ್ ಅಕ್ಷರ, ಅಂಕೆ, ಅಡ್ಡಗೆರೆ ಇವಿಷ್ಟೇ ಸಲ್ಲುತ್ತಿದ್ದವು; ಉದ್ದ ಇಪ್ಪತ್ತನಾಲ್ಕಕ್ಷರ ಮೀರುವಂತಿರಲಿಲ್ಲ. ಚುಕ್ಕೆಗಳ ನಡುವಣ ಒಂದೊಂದು ಭಾಗಕ್ಕೆ ಈಗ ಅರವತ್ತಮೂರರವರೆಗೆ ಅವಕಾಶವಿದೆ. ಕನ್ನಡ ಲಿಪಿಯ ‘.ಭಾರತ’ ಎಂಬ ಅಂತ್ಯನಾಮವೂ ದೊರೆತಿದೆ. ಆದರೆ ಒಳಗೆ ಯಂತ್ರ ಅದನ್ನು ರೋಮನ್ ಅಕ್ಷರದ ಒಂದು ಗೂಢಲಿಪಿಯಾಗಿ ಮಾರ್ಪಡಿಸಿಕೊಂಡೇ ಓದುತ್ತದೆ. ಮೊದಲು ಪಟ್ಟಿ ಬರೆದವರ ಲಿಪಿ ಅಡಿಪಾಯದಲ್ಲಿ ಸೇರಿಹೋದರೆ ಐವತ್ತು ವರ್ಷವಾದರೂ ಅದನ್ನು ಕೀಳುವುದು ಕಷ್ಟ. ಆರಂಭದಲ್ಲಿ ಹೆಸರಿನ ಬಗೆಗೆ ತೆಗೆದುಕೊಂಡ ಸಣ್ಣ ನಿರ್ಧಾರ ಎಷ್ಟು ದೂರ ನಡೆಯುತ್ತದೆಂಬುದಕ್ಕೆ ನಮಗೆ, ಕನ್ನಡಿಗರಿಗೆ, ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಆದುದರಿಂದ ನಾಳೆ ನಿಮ್ಮ ಮನೆಯವರಲ್ಲಿ ಯಾರಿಗಾದರೂ ಕಚೇರಿಯ ಗಣಕಗಳಿಗೆ ಹೆಸರಿಡುವ ಕೆಲಸ ಬಿದ್ದರೆ ಇಷ್ಟನ್ನು ಹೇಳಿರಿ. ಹೆಸರು ಚಿಕ್ಕದಿರಲಿ, ಉಚ್ಚಾರಕ್ಕೆ ಸ್ಪಷ್ಟವಿರಲಿ, ಒಂದೇ ರೀತಿಯಲ್ಲಿ ಬರೆಯಲು ಬರುವಂತಿರಲಿ. ಯಂತ್ರದ ಕೆಲಸವನ್ನೂ ಒಡೆಯನನ್ನೂ ಅದಕ್ಕೆ ಬೆಸೆಯಬೇಡಿರಿ. ಕೆಲಸಕ್ಕೆ ಬೇಕಾದರೆ ಉಪನಾಮವುಂಟು. ಇಂದಿನ ಏಳನ್ನಲ್ಲ, ನಾಳೆ ಬರುವ ಎಪ್ಪತ್ತನ್ನು ಎಣಿಸಿಕೊಂಡು ಸಮೂಹವನ್ನು ಆರಿಸಿರಿ. ಇಟ್ಟ ಹೆಸರನ್ನು ಬರೆದಿಡಿರಿ. ಮುಂದೊಂದು ದಿನ ಅವರ ಸ್ಥಾನಕ್ಕೆ ಬರುವ ಹೊಸಬರು ನಡುರಾತ್ರಿ ಆ ಪಟ್ಟಿಯನ್ನು ಬಿಡಿಸಿದಾಗ, ಯಾವ ಯಂತ್ರವನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಅವರಿಗೆ ಯಾರನ್ನೂ ಎಬ್ಬಿಸಿ ಕೇಳದೆಯೇ ತಿಳಿಯುವಂತಿರಬೇಕು.